ಯಾರೂ ನೋಡದಾಗಿನ ವೆಂಕಟರತ್ನಮ್ಮ

ಬೈರಕೂರು
6-1-2025

ಮಾಲೂರಿನ ಸುಗುಣಕ್ಕನವರಿಗೆ ನಿಮ್ಮ ತಮ್ಮನ ಹೆಂಡತಿ ರಾಧಾ ಮಾಡುವ ನಮಸ್ಕಾರ.

ಈ ಕಾಲದಲ್ಲಿ ಇವಳು ಕಾಗದ ಯಾಕೆ ಬರೆದಳು, ಫೋನಿಗೆ ಏನಾಗಿದೆ ಎಂದು ನೀವು ಕೇಳುತ್ತೀರಿ. ಫೋನಿಗೆ ಏನೂ ಆಗಿಲ್ಲ. ದೀಪಾವಳಿ ಆದ ಮೇಲೆ ಇವರು ಹಜಾರದ ಗೋಡೆಗೆ ಕ್ಯಾಮೆರಾ ಹಾಕಿಸಿದ್ದಾರಲ್ಲ, ಅದಕ್ಕೆ ಕಣ್ಣಿನ ಜೊತೆ ಕಿವಿಯೂ ಇದೆ. ನಾನು ಇಲ್ಲಿ ಕೆಮ್ಮಿದರೆ ನರಸಾಪುರದ ಕಂಪನಿ ರೂಮಿನಲ್ಲಿರುವ ಇವರ ಮೊಬೈಲಿಗೆ ಕೇಳುತ್ತದೆ. ಹಿತ್ತಲಿಗೆ ಹೋಗಿ ಮಾತಾಡೋಣವೆಂದರೆ ಅತ್ತೆ ಬೆನ್ನಿಗೇ ಬರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಫೋನಿನಲ್ಲಿ ನೀವು ನನ್ನ ಮಾತು ಪೂರ್ತಿ ಕೇಳುವವರೂ ಅಲ್ಲ. ‘ಆಯ್ತಮ್ಮ, ಆಯ್ತಮ್ಮ’ ಎಂದು ಇಟ್ಟುಬಿಡುತ್ತೀರಿ. ಅಂಗನವಾಡಿ ಮಕ್ಕಳಿಗೂ ಹಾಗೇ ಅನ್ನುತ್ತೀರೋ ಏನೋ. ಕಾಗದವಾದರೆ ಕೊನೆಯವರೆಗೆ ಓದುತ್ತೀರಿ ಎಂದು ನಂಬಿದ್ದೇನೆ.

ವಿಷಯ ಇಷ್ಟು. ಅತ್ತೆಗೆ ಏನೋ ಆಗಿದೆ. ಊಟ ಮಾಡಿ ಕೈ ತೊಳೆದ ಮೇಲೆ ಊಟ ಯಾವಾಗ ಎನ್ನುತ್ತಾರೆ. ಹಿತ್ತಲಲ್ಲಿ ನಿಂತು ತೆಲುಗಿನಲ್ಲಿ ‘ಇಂಟಿಕಿ ಪೋದಾಂ ಪಾ’ ಎಂದು ನನ್ನ ಕೈ ಎಳೆಯುತ್ತಾರೆ. ಮನೆಯಲ್ಲೇ ನಿಂತು ಮನೆಗೆ ಹೋಗೋಣ ಬಾ ಎಂದರೆ ನಾನು ಎಲ್ಲಿಗೆ ಕರೆದುಕೊಂಡು ಹೋಗಲಿ? ನಾನು ಯಾರು ಎನ್ನುವುದೂ ಒಮ್ಮೊಮ್ಮೆ ಅವರಿಗೆ ಗೊತ್ತಿರುವುದಿಲ್ಲ. ರಾಧಾ ಅನ್ನ ಹಾಕುವುದಿಲ್ಲ ಎಂದು ನಿಮ್ಮ ತಮ್ಮನಿಗೆ ದೂರು ಹೇಳಿದ್ದು, ಇವರು ಕ್ಯಾಮೆರಾ ಹಾಕಿಸಿದ್ದು, ಎಲ್ಲಕ್ಕೂ ಇದೇ ಕಾರಣ.

ಕ್ಯಾಮೆರಾದಲ್ಲಿ ಕಾಣುವುದಿಲ್ಲವೇ ಎಂದು ಕೇಳಬೇಡಿ. ಕಾಣುವುದಿಲ್ಲ. ಅದರೊಳಗೆ ಮಗ ಕೂತಿದ್ದಾನೆ ಎಂದು ಅತ್ತೆಗೆ ಗೊತ್ತು. ಹಜಾರಕ್ಕೆ ಕಾಲಿಟ್ಟ ತಕ್ಷಣ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ‘ಏನಪ್ಪಾ ಮೂರ್ತಿ, ಟಿಫನ್ ಆಯ್ತಾ?’ ಎನ್ನುತ್ತಾರೆ. ಹಜಾರ ದಾಟಿ ಅಡುಗೆಮನೆಗೆ ಬಂದರೆ ಬೇರೆಯೇ ಮನುಷ್ಯ.

ಸಂಕ್ರಾಂತಿಗೆ ಬನ್ನಿ. ಬಂದವರು ಅವರ ಎದುರು ಕೂರಬೇಡಿ, ಅವರಿಗೆ ತಿಳಿಯದ ಹಾಗೆ ಎಲ್ಲಾದರೂ ಇದ್ದು ನೋಡಿ. ಉತ್ತರವನ್ನು ಪಕ್ಕದ ಮನೆ ಬೈರಮ್ಮನ ಹೆಸರಿಗೆ ಹಾಕಿ.

ರಾಧಾ


ಮಾಲೂರು
17-1-2025

ರಾಧಾಗೆ ಸುಗುಣ ಮಾಡುವ ಆಶೀರ್ವಾದ.

ನೀನು ಹೇಳಿದಂತೆ ಸಂಕ್ರಾಂತಿಗೆ ಬಂದೆ, ನೋಡಿದೆ. ಆದರೆ ಹೆತ್ತ ತಾಯಿಯನ್ನು ಕಳ್ಳಿಯಂತೆ ಬಾಗಿಲ ಸಂದಿಯಿಂದ ನೋಡುವ ಅಭ್ಯಾಸ ನನಗಿಲ್ಲ. ಎದುರಿಗೆ ಕೂತೇ ನೋಡಿದೆ.

ಅಮ್ಮ ಎಳ್ಳು ಹುರಿದಳು. ಕೊಬ್ಬರಿ ಹೆಚ್ಚಿದಳು. ಮುಳಬಾಗಿಲಿನ ನೆಂಟರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದಳು. ನಾನು ಹುಟ್ಟಿದ ದಿನ ಸೂಲಗಿತ್ತಿ ಬರುವುದು ತಡವಾಯಿತೆಂದು ಅಪ್ಪ ಕೂಗಾಡಿದ್ದನ್ನು ಹೇಳಿ ನಗಿಸಿದಳು. ಮರೆವಿನವರು ಹೀಗಿರುತ್ತಾರಾ? ಕಳೆದ ವರ್ಷ ಕೋಲಾರದ ಡಾಕ್ಟರಮ್ಮ ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಿದಾಗ ಪಟಪಟನೆ ಹೇಳಿ, ‘ನೀವು ಯಾವೂರಿನೋರು ಮೇಡಂ?’ ಎಂದು ಅವರನ್ನೇ ಕೇಳಿದವಳು ಅವಳು.

ನಾನು ಕಂಡದ್ದು ಇನ್ನೂ ಇದೆ. ಅಮ್ಮನ ತಲೆ ಬಾಚಿರಲಿಲ್ಲ. ಎಡಗೈಯ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ‘ಇದೇನಮ್ಮಾ?’ ಎಂದೆ. ಅವಳು ಅಡುಗೆಮನೆಯ ಕಡೆ ನೋಡಿದಳು. ಆ ನೋಟದ ಅರ್ಥ ನನಗಾಯಿತು ರಾಧಾ. ಮೂವತ್ತು ಮಕ್ಕಳನ್ನು ನೋಡಿಕೊಳ್ಳುವವಳು ನಾನು. ಯಾರು ಯಾರಿಗೆ ಹೆದರಿಕೊಂಡಿದ್ದಾರೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳನ್ನು ನೋಡಿಕೊಳ್ಳಲು ಕಷ್ಟವಾದರೆ ಕಷ್ಟ ಎಂದು ಹೇಳು. ಅದಕ್ಕಾಗಿ ಅವಳಿಗೆ ಹುಚ್ಚಿಯ ಪಟ್ಟ ಕಟ್ಟಬೇಡ.

ಸುಗುಣ


ಬೈರಕೂರು
21-1-2025

ಸುಗುಣಕ್ಕನವರಿಗೆ,

ನಿಮ್ಮ ಬಸ್ಸು ತಿರುವು ದಾಟಿ ಮರೆಯಾಯಿತು. ಅತ್ತೆ ಕೈ ಬೀಸುತ್ತಾ ನಿಂತಿದ್ದರು. ಕೈ ಕೆಳಗಿಳಿಸಿದವರೇ ನನ್ನ ಕಡೆ ತಿರುಗಿ, ‘ಆಯಮ್ಮ ಯಾರೇ? ಶಾನೆ ಮಾತಾಡ್ತಾಳೆ,’ ಎಂದರು. ಮನೆಗೆ ಬಂದು ಗೋಡೆಗೆ ಒರಗಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಮೈಯೆಲ್ಲ ಬೆವರು. ನಿಮ್ಮ ಎದುರು ಅಷ್ಟು ಹೊತ್ತು ಮೊದಲಿನ ವೆಂಕಟರತ್ನಮ್ಮನಾಗಿ ಇರುವುದಕ್ಕೆ ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನೀವು ಯೋಚಿಸಲಿಲ್ಲ. ನೀವು ಹೋದಮೇಲೆ ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡರು. ಬದಲಾಯಿಸಿದವಳು ನಾನು.

ಆ ನೀಲಿ ಗುರುತು ನನ್ನ ಬೆರಳಿನದೇ. ಅಲ್ಲ ಎನ್ನುವುದಿಲ್ಲ. ಮನೆ ಹುಡುಕಿಕೊಂಡು ಹೋಗುತ್ತೇನೆಂದು ಹೊರಟವರು ಮುಖ್ಯರಸ್ತೆಗೆ ಕಾಲಿಡುತ್ತಿದ್ದರು. ಟೊಮೇಟೊ ತುಂಬಿದ ಟೆಂಪೊ ಬರುತ್ತಿತ್ತು. ಆಗ ಮೆಲ್ಲಗೆ ಹಿಡಿಯಬೇಕೆಂದು ನನಗೆ ಹೊಳೆಯಲಿಲ್ಲ, ಕ್ಷಮಿಸಿ.

ಇವರಿಗೆ ಹೇಳಿ ಸಾಕಾಗಿದೆ. ಇವರ ಕೆಲಸ ನಿಮಗೆ ಗೊತ್ತಲ್ಲ, ಬಿಳಿ ಲೈಟಿನ ಕೆಳಗೆ ಒಂದೊಂದೇ ಪೀಸು ಎತ್ತಿ ನೋಡುವುದು. ಗೀರು ಕಂಡರೆ ರಿಜೆಕ್ಟ್, ಕಾಣದಿದ್ದರೆ ಪಾಸ್. ಅದೇ ಕಣ್ಣನ್ನು ಮನೆಗೂ ತಂದಿದ್ದಾರೆ. ‘ನಾನ್ ನೋಡ್ದಾಗ ಅಮ್ಮ ಚೆನ್ನಾಗೇ ಇರ್ತಾಳಲ್ಲೇ. ನಾನ್ ನೋಡ್ದೇ ಇದ್ದಾಗ ಮಾತ್ರ ಕಾಯಿಲೆ ಬರುತ್ತಾ?’ ಎನ್ನುತ್ತಾರೆ. ಹೌದು, ಹಾಗೇ ಬರುತ್ತದೆ ಎಂದರೆ ನಗುತ್ತಾರೆ.

ಅಕ್ಕಾ, ನನಗೆ ಹೆದರಿಕೆಯಾಗಿದೆ. ಕೋಲಾರಕ್ಕೆ ಇನ್ನೊಮ್ಮೆ ಕರೆದುಕೊಂಡು ಹೋಗೋಣ ಎಂದು ನೀವಾದರೂ ಹೇಳಿ. ನಾಳೆ ಅವರಿಗೆ ಏನಾದರೂ ಆದರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸುತ್ತೀರಿ.

ರಾಧಾ


ಮಾಲೂರು
8-2-2025

ರಾಧಾ,

ಮೂರ್ತಿ ನನಗೆ ವಿಡಿಯೊ ಕಳಿಸಿದ್ದಾನೆ. ಏನು ಕಳಿಸಿದ್ದಾನೆಂದು ನಿನಗೇ ಗೊತ್ತಿರಬೇಕು.

ಅಮ್ಮ ನೆಲದ ಮೇಲೆ ಕೂತಿದ್ದಾಳೆ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಾಳೆ. ನೀನು ಮೋಟು ಪೊರಕೆ ಎತ್ತಿದ್ದೀಯ. ಅವಳ ತಲೆಯ ಮೇಲಿಂದ ಬೀಸುತ್ತೀಯ. ಉಗಿಯುತ್ತೀಯ. ಆಮೇಲೆ ಆ ಪೊರಕೆಯನ್ನು ನೆಲಕ್ಕೆ ಅಪ್ಪಳಿಸುತ್ತೀಯ, ಅಮ್ಮ ನಡುಗುತ್ತಾಳೆ. ನಾನು ಅದನ್ನು ಮತ್ತೆ ಮತ್ತೆ ನೋಡಿದೆ. ನಮ್ಮೆಜಮಾನರಿಗೂ ತೋರಿಸಿದೆ, ನನ್ನ ಕಣ್ಣೇ ತಪ್ಪಿರಬಹುದೇನೋ ಎಂದು. ಅವರೂ ಅದನ್ನೇ ಕಂಡರು.

ಇನ್ನೊಂದು ವಿಷಯವೂ ಗೊತ್ತಾಗಿದೆ. ನೀನು ಡೈರಿಗೆ ಹಾಲು ಹಾಕಲು ಹೋಗುವಾಗ ಅಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತೀಯಂತೆ. ಅಷ್ಟುದ್ದ ಕಾಗದ ಬರೆದೆಯಲ್ಲ, ಈ ವಿಷಯ ಯಾಕೆ ಬರೆಯಲಿಲ್ಲ?

ಮುಂದಿನ ಭಾನುವಾರ ನಾನು ಬರುತ್ತೇನೆ. ಸೋದರಮಾವ ದೊಡ್ಡನಾರಾಯಣಪ್ಪನವರೂ ಬರುತ್ತಾರೆ. ಅಮ್ಮ ನನ್ನ ಜೊತೆ ಮಾಲೂರಿಗೆ ಬರುತ್ತಾಳೆ. ನಿನ್ನ ವಿಷಯ ಮಾವನೂ ಮೂರ್ತಿಯೂ ತೀರ್ಮಾನ ಮಾಡುತ್ತಾರೆ. ನಿನಗೆ ಹೇಳುವುದಿದ್ದರೆ ಅವತ್ತು ಅವರ ಮುಂದೆ ಹೇಳು.

ಸುಗುಣ


ಬೈರಕೂರು
11-2-2025

ಸುಗುಣಕ್ಕನವರಿಗೆ,

ಭಾನುವಾರ ನನಗೆ ಮಾತಾಡಲು ಬಿಡುವುದಿಲ್ಲ ಎಂದು ಗೊತ್ತಿದೆ. ಅದಕ್ಕೆ ಈಗಲೇ ಬರೆದು ಬೈರಮ್ಮನ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ಅದು ದೃಷ್ಟಿ ತೆಗೆದದ್ದು.

ಸಂಕ್ರಾಂತಿ ಆದ ಮೇಲೆ ಅತ್ತೆಗೆ ಕ್ಯಾಮೆರಾದ ಮೇಲೆ ಭಯ ಶುರುವಾಯಿತು. ಅದರಲ್ಲಿ ಮಗ ಕೂತಿದ್ದಾನೆ ಎನ್ನುವುದು ಹೋಯಿತು. ‘ಗೋಡೆ ಮ್ಯಾಲೆ ಯಾವನೋ ಕೂತವ್ನೆ ಕಣೇ. ಕೆಂಪು ಕಣ್ಣು. ನನ್ನೇ ನೋಡ್ತಾನೆ. ಅವ್ನ ದಿಷ್ಟಿ ತಾಕೇ ನಂಗೆ ಹಿಂಗಾಗಿರೋದು,’ ಎಂದು ಅಳುವುದಕ್ಕೆ ಶುರು ಮಾಡಿದರು. ಇವರಿಗೆ ಫೋನ್ ಮಾಡಿ ಅದನ್ನು ತೆಗೆಸಿ ಎಂದೆ. ‘ತೆಗೆಸಿದ್ರೆ ನಿಂಗೆ ಅನುಕೂಲ ಅಲ್ವಾ?’ ಎಂದರು.

ಆವತ್ತು ಮಂಗಳವಾರ. ದೃಷ್ಟಿ ತೆಗಿ, ತೆಗಿ ಎಂದು ಅತ್ತೆಯೇ ಹಟ ಹಿಡಿದರು. ಮೆಣಸಿನಕಾಯಿ ಸುಟ್ಟರೆ ಅವರಿಗೆ ಕೆಮ್ಮು ಹತ್ತುತ್ತದೆ. ಪೊರಕೆಯಲ್ಲಿ ತೆಗಿ, ಯಾರು ನೋಡುತ್ತಾರೋ ಅವರ ಎದುರಿಗೇ ತೆಗಿ ಎಂದರು. ಹಾಗೆಂದು ಹಜಾರದಲ್ಲೇ ಕೂತರು, ಆ ಕಣ್ಣನ್ನು ನೋಡಲಾರೆನೆಂದು ಮುಖ ಮುಚ್ಚಿಕೊಂಡರು. ನಾನು ಮೂರು ಸಲ ನಿವಾಳಿಸಿ, ಥೂ ಥೂ ಎಂದು ಉಗಿದು, ಪೊರಕೆಯನ್ನು ನೆಲಕ್ಕೆ ಬಡಿದೆ. ನೀವೂ ಮಾಡಿದ್ದೀರಿ, ನಿಮಗೂ ಮಾಡಿದ್ದಾರೆ. ಎದುರಿಗಿರುವವರ ಮೈ ಜೋರಾಗಿ ಅಲ್ಲಾಡಿದ ಮೇಲೆ ತಾನೇ ಆ ಕ್ಯಾಮೆರಾ ವಿಡಿಯೊ ಹಿಡಿಯುವುದು? ನನ್ನ ಕೈ ಮೇಲೆ ಹೋದ ಮೇಲಿನದಷ್ಟೇ ಅದರಲ್ಲಿದೆ. ಅದಕ್ಕೆ ಮುಂಚೆ ಅಡುಗೆಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡದ್ದು ಇಲ್ಲ.

ಚಿಲಕದ ವಿಷಯ ನಿಜ. ಹೇಳಲಿಲ್ಲ. ಹೇಳಿದ್ದರೆ ಕಾಗದದಲ್ಲಿ ಅದೊಂದನ್ನೇ ಓದುತ್ತಿದ್ದಿರಿ.

ಅತ್ತೆಯನ್ನು ಕರೆದುಕೊಂಡು ಹೋಗಿ. ಜಗಳವಾಡುವುದಿಲ್ಲ. ಆದರೆ ಮೊದಲ ಒಂದು ವಾರ ಅವರು ಚೆನ್ನಾಗಿಯೇ ಇರುತ್ತಾರೆ, ಅದನ್ನು ನಂಬಿ ಮೈಮರೆಯಬೇಡಿ. ನಿಮ್ಮ ಮನೆಯ ಹಿಂದೆ ಇಟ್ಟಿಗೆ ಫ್ಯಾಕ್ಟರಿಯವರು ಮಣ್ಣು ತೆಗೆದ ಹಳ್ಳವಿದೆ, ನೀರು ನಿಂತಿದೆ. ಬಾಗಿಲ ಮೇಲೆ ಕಣ್ಣಿರಲಿ. ನೀರು ಕುಡಿ ಎಂದರೆ ಕುಡಿಯುವುದಿಲ್ಲ, ನೀವು ಮೊದಲು ಕುಡಿದರೆ ಕುಡಿಯುತ್ತಾರೆ. ಮನೆಗೆ ಹೋಗೋಣ ಎಂದಾಗ ಇದೇ ಮನೆ ಎಂದು ವಾದ ಮಾಡಬೇಡಿ, ಕೈ ಹಿಡಿದು ಹಿತ್ತಲು ಒಂದು ಸುತ್ತು ಬನ್ನಿ, ಮರೆತುಬಿಡುತ್ತಾರೆ. ನಿಮಗೆ ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ಇಷ್ಟನ್ನು ಮಾಡಿ.

ರಾಧಾ


ಮಾಲೂರು
24-2-2025

ರಾಧಾಗೆ,

ಅಮ್ಮ ಚೆನ್ನಾಗಿದ್ದಾಳೆ. ಹೊಟ್ಟೆತುಂಬ ಊಟ ಮಾಡುತ್ತಾಳೆ, ಕಣ್ತುಂಬ ನಿದ್ದೆ ಮಾಡುತ್ತಾಳೆ. ಅಂಗನವಾಡಿಗೆ ಕರೆದುಕೊಂಡು ಹೋದರೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಬಂದ ಮೇಲೆ ಒಂದು ದಿನವೂ ಯಾರ ಹೆಸರನ್ನೂ ತಪ್ಪಿ ಹೇಳಿಲ್ಲ.

ದೃಷ್ಟಿಯ ವಿಷಯ ಅಮ್ಮನನ್ನೇ ಕೇಳಿದೆ. ‘ದೃಷ್ಟಿನಾ? ಯಾರ್ಗೆ?’ ಎಂದಳು. ಇನ್ನು ನೀನೇ ಹೇಳು.

ನೀನು ಕೆಲವು ದಿನ ತವರಿನಲ್ಲಿ ಇರು ಎಂದು ಮಾವ ಹೇಳಿದ್ದು ಸರಿಯಾಗಿಯೇ ಇದೆ. ಕರೆಯಬೇಕಾದಾಗ ಮೂರ್ತಿ ಕರೆಯುತ್ತಾನೆ. ಅಲ್ಲಿಯವರೆಗೆ ನನಗೆ ಬರೆಯುವುದು ಬೇಡ, ಫೋನೂ ಬೇಡ. ನನ್ನ ಮನೆಯ ಬಾಗಿಲಿಗೆ ಚಿಲಕದ ಅಗತ್ಯ ಬಿದ್ದಿಲ್ಲ.

ಸುಗುಣ


ಶ್ರೀನಿವಾಸಪುರ
5-3-2025

ಸುಗುಣಕ್ಕನವರಿಗೆ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಓದದಿದ್ದರೆ ಒಲೆಗೆ ಹಾಕಿ.

ಅಣ್ಣ ಭೀಮರಾಜ್ ಮನೆಯಲ್ಲಿದ್ದೇನೆ. ಅವನು ಏನೂ ಕೇಳುವುದಿಲ್ಲ, ಅದೇ ಹಿಂಸೆ. ಅತ್ತಿಗೆಯ ಫೋನಿಗೂ ಆ ವಿಡಿಯೊ ಬಂದಿದೆ. ಯಾರಿಂದ ಯಾರಿಗೆ ಹೋಯಿತೋ. ಮಾವಿನ ಮಂಡಿಯ ಹತ್ತಿರ ತರಕಾರಿ ತರಲು ಹೋದರೆ ಹೆಂಗಸರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಬಲಗೈ ನೋಡುತ್ತಾರೆ. ಅತ್ತಿಗೆಯ ತಾಯಿ ಬಂದಿದ್ದಾರೆ. ಅವರು ಕೂತ ಕಡೆಯಿಂದ ಪೊರಕೆ ತೆಗೆದು ಒಳಗಿಟ್ಟಳು ಅತ್ತಿಗೆ, ನಾನು ನೋಡುತ್ತಿದ್ದ ಹಾಗೇ.

ನಿಮಗೆ ಒಂದು ಮಾತು ಹೇಳಬೇಕು, ಬೇರೆ ಯಾರಿಗೂ ಹೇಳುವಂತಿಲ್ಲ. ನಾನೂ ಆ ವಿಡಿಯೊ ನೋಡಿದೆ. ಅತ್ತಿಗೆ ಸ್ನಾನಕ್ಕೆ ಹೋದಾಗ ಅವಳ ಫೋನಿನಲ್ಲಿ ನೋಡಿದೆ. ಅದರಲ್ಲಿ ಒಬ್ಬ ಹೆಂಗಸು ಮುದುಕಿಯನ್ನು ಹೊಡೆಯುತ್ತಿದ್ದಾಳೆ. ನನಗೂ ಹಾಗೇ ಕಂಡಿತು. ಮುಖ ಕಲ್ಲಿನ ಹಾಗಿದೆ. ನನ್ನ ಮುಖ ಹಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ಹಿಂದಿನ ರಾತ್ರಿಯೆಲ್ಲ ಅತ್ತೆ ಮಲಗಿರಲಿಲ್ಲ, ನನಗೂ ನಿದ್ದೆ ಇರಲಿಲ್ಲ. ಪೊರಕೆ ಬಡಿಯುವಾಗ ನನ್ನೊಳಗೆ ಸಿಟ್ಟು ಇತ್ತಾ? ಇರಲಿಲ್ಲ ಎಂದು ಮೊದಲು ಆಣೆ ಮಾಡಿ ಹೇಳುತ್ತಿದ್ದೆ. ಈಗ ಎಲ್ಲರೂ ಒಂದೇ ಕಣ್ಣಿನಲ್ಲಿ ನೋಡಿ ನೋಡಿ, ನನ್ನ ನೆನಪೇ ನನ್ನ ಕೈ ತಪ್ಪುತ್ತಿದೆ. ನಾನು ಹೊಡೆದೆನಾ ಅಕ್ಕಾ? ಅಲ್ಲಿದ್ದವರು ಇಬ್ಬರೇ. ಒಬ್ಬರಿಗೆ ನೆನಪಿಲ್ಲ. ಇನ್ನೊಬ್ಬಳಿಗೆ ತನ್ನ ಮೇಲೇ ಅನುಮಾನ ಶುರುವಾಗಿದೆ.

ಇರಲಿ. ಅತ್ತೆ ನಿದ್ದೆ ಮಾಡುತ್ತಿದ್ದಾರಾ? ಅಷ್ಟು ಬರೆಯಿರಿ ಸಾಕು.

ರಾಧಾ


ಶ್ರೀನಿವಾಸಪುರ
20-3-2025

ಸುಗುಣಕ್ಕನವರಿಗೆ,

ನಿಮ್ಮ ಕಾಗದವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎಲ್ಲವೂ ಸರಿಯಿದ್ದರೆ ನೀವು ಸುಮ್ಮನಿರುವವರಲ್ಲ, ನನ್ನನ್ನು ಚುಚ್ಚುವುದಕ್ಕಾದರೂ ಒಂದು ಸಾಲು ಬರೆಯುತ್ತಿದ್ದಿರಿ. ಆ ಹಳ್ಳದ ನೆನಪಾಗಿ ರಾತ್ರಿ ಎದ್ದು ಕೂರುತ್ತೇನೆ. ಏನಾಗಿದೆ ಹೇಳಿ.

ರಾಧಾ


ಮಾಲೂರು
4-4-2025

ರಾಧಾ,

ಫೋನ್ ಮಾಡಲು ಮುಖವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಎರಡೂ ಕಾಗದ ಬಂದಿದ್ದವು. ಎರಡನೆಯದು ಬಂದ ದಿನ ನಾನು ಅಮ್ಮನನ್ನು ಒಳಗೆ ಬಿಟ್ಟು, ಹೊರಗೆ ಚಿಲಕ ಹಾಕಿ ಅಂಗನವಾಡಿಗೆ ಹೋಗಿದ್ದೆ. ಓದಲಾರದೆ ಮಡಿಚಿಟ್ಟೆ.

ನೀನು ಹೇಳಿದಂತೆ ಒಂದು ವಾರ ಚೆನ್ನಾಗಿದ್ದಳು. ನಿನಗೆ ಬರೆದ ಕಾಗದದ ಶಾಯಿ ಒಣಗುವ ಮೊದಲೇ ಎಂದರೂ ಸರಿ, ಶುರುವಾಯಿತು. ಅಡುಗೆಮನೆಯಲ್ಲಿ ನಿಂತು ನನ್ನನ್ನು ‘ಏನಮ್ಮಾ, ಈ ಮನೆ ಯಜಮಾನಿ ಎಲ್ಲಿ?’ ಎಂದು ಕೇಳಿದಳು. ತಮಾಷೆ ಮಾಡುತ್ತಾಳೆ ಎಂದುಕೊಂಡೆ. ನಕ್ಕೆ. ಅವಳು ನಗಲಿಲ್ಲ. ನಮ್ಮೆಜಮಾನರು ಬಂದರೆ ಸರಿಹೋಗುತ್ತಿದ್ದಳು, ಅಕ್ಕಪಕ್ಕದವರು ಬಂದರೆ ಸರಿಹೋಗುತ್ತಿದ್ದಳು. ಮೂರ್ತಿ ವಿಡಿಯೊ ಕಾಲ್ ಮಾಡಿದರೆ ಮದುವೆ ಮನೆಯ ಹೆಂಗಸಿನ ಹಾಗೆ ನಗುತ್ತಾ ಮಾತಾಡುತ್ತಿದ್ದಳು. ಫೋನ್ ಇಟ್ಟಮೇಲೆ ‘ಆ ಹುಡುಗ ಯಾರದು?’ ಎನ್ನುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿನ್ನ ಮಾತು ನಿಜವಾಗುತ್ತಿತ್ತು.

ಯುಗಾದಿಯ ಮಾರನೆಯ ದಿನ ಚಿಲಕ ಹಾಕುವುದು ಮರೆತೆ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮನೆ ಖಾಲಿ. ಮೊದಲು ಓಡಿದ್ದು ಆ ಹಳ್ಳಕ್ಕೆ. ನೀರಿನ ಮೇಲೆ ಏನೋ ಬಟ್ಟೆ ತೇಲುತ್ತಿತ್ತು. ಕೋಲು ಹಾಕಿ ಎಳೆದು ಅದು ಸಿಮೆಂಟಿನ ಚೀಲ ಎಂದು ಗೊತ್ತಾಗುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಅಮ್ಮ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಬೆಂಚಿನ ಮೇಲೆ ನೆಟ್ಟಗೆ ಕೂತು ಪೊಲೀಸಿನವನ ಜೊತೆ ಹರಟೆ ಹೊಡೆಯುತ್ತಿದ್ದಳು. ‘ನನ್ ಮಗಂದು ಕಂಪ್ನೀಲಿ ದೊಡ್ಡ ಕೆಲಸ. ಕರ್ಕೊಂಡೋಗೋಕೆ ಬರ್ತಾನೆ.’ ಅವನು ಟೀ ಕೊಡಿಸಿದ್ದ. ‘ಏನ್ ಮೇಡಂ, ಅಜ್ಜಿ ಸಕತ್ತಾಗಿ ಮಾತಾಡ್ತಾರೆ,’ ಎಂದ ನನಗೆ. ಸ್ವಲ್ಪ ಮುಂಚೆ ಅವಳು ಹಳಿಯ ಮಧ್ಯೆ ನಡೆದುಕೊಂಡು ಬರುತ್ತಿದ್ದಳೆಂದು ರೈಲ್ವೆ ಗೇಟಿನವನು ಆಮೇಲೆ ಹೇಳಿದ. ಕೈ ಹಿಡಿದು ಎಳೆದು ಈಚೆಗೆ ತಂದನಂತೆ. ಅವಳ ತೋಳಿನ ಮೇಲೆ ಅವನ ಬೆರಳಿನ ಗುರುತಿತ್ತು ರಾಧಾ.

ಮೂರ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು, ‘ಅಕ್ಕಾ, ಅಮ್ಮ ಮೊನ್ನೆ ನಂಗೊಂದು ಮಾತು ಹೇಳಿದ್ಳು. ನೀನು ಸರಿಯಾಗಿ ಊಟ ಹಾಕ್ತಿಲ್ವಂತೆ,’ ಎಂದ. ನಿನ್ನೆ ಮನೆಗೆ ಒಂದು ಡಬ್ಬ ಬಂದಿದೆ. ಒಡೆದು ನೋಡಿದರೆ ಕ್ಯಾಮೆರಾ.

ನಾನು ನೋಡಿದ್ದನ್ನು ನೋಡಿದವಳು ಈ ಪ್ರಪಂಚದಲ್ಲಿ ನೀನೊಬ್ಬಳೇ. ನಿನ್ನನ್ನು ಯಾರೂ ನಂಬದ ಹಾಗೆ ಮಾಡಿದವಳು ನಾನು. ಏನು ಮಾಡಲಿ ಹೇಳು. ಕೋಲಾರದ ಡಾಕ್ಟರಮ್ಮನ ಹತ್ತಿರ ನಾನೂ ಮೂರ್ತಿಯೂ ಕರೆದುಕೊಂಡು ಹೋದರೂ ಅವಳು ಪಟಪಟನೆ ಉತ್ತರ ಹೇಳುತ್ತಾಳೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಸುಗುಣ


ಶ್ರೀನಿವಾಸಪುರ
8-4-2025

ಸುಗುಣಕ್ಕನವರಿಗೆ,

ನಿಮ್ಮ ಕಾಗದ ಓದಿ ನನಗೆ ಮೊದಲು ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಹಳಿಯ ಮಾತು ಓದಿ ಮಾಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅಣ್ಣನನ್ನು ಕೇಳಿದೆ.

ನಾನು ಬರುತ್ತೇನೆ. ಆದರೆ ನಾನು ಹೇಳಿದಂತೆ ನಡೆಯಬೇಕು. ಡಾಕ್ಟರಮ್ಮನಿಗೆ ಮೊದಲೇ ಎಲ್ಲ ತಿಳಿಸಿ. ಅವರು ಏನೂ ಕೇಳಬಾರದು. ಅತ್ತೆಯನ್ನೂ ನನ್ನನ್ನೂ ಒಂದು ಕೋಣೆಯಲ್ಲಿ ಕೂರಿಸಿ ಎಲ್ಲರೂ ಆಚೆ ಹೋಗಬೇಕು. ಪಕ್ಕದ ಕೋಣೆಯ ಬಾಗಿಲು ಸ್ವಲ್ಪ ತೆರೆದಿರಲಿ. ಅಲ್ಲಿ ಡಾಕ್ಟರಮ್ಮ, ನೀವು, ಇವರು, ದೊಡ್ಡನಾರಾಯಣಪ್ಪ ಮಾವ ಉಸಿರೆತ್ತದೆ ನಿಲ್ಲಬೇಕು. ನನ್ನ ಮುಂದೆ ಅತ್ತೆ ನಾಟಕ ಮಾಡುವುದಿಲ್ಲ. ಮನೆಗೆ ಬಂದ ಸೊಸೆಯ ಎದುರು ಯಾರಾದರೂ ಹಾಗೆ ಇರುತ್ತಾರಾ ಎಂದು ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಗೊತ್ತಾಗುತ್ತಿದೆ, ನಾನೊಬ್ಬಳ ಮುಂದೆ ಮಾತ್ರ ಅವರಿಗೆ ಭಯವಿರಲಿಲ್ಲ.

ಆ ಸಲುಗೆಯನ್ನೇ ಹಿಡಿದು ಅವರನ್ನು ಎಲ್ಲರಿಗೂ ತೋರಿಸಬೇಕಾಗಿದೆ. ಮನಸ್ಸು ಒಪ್ಪುವುದಿಲ್ಲ. ಆದರೆ ಮಾತ್ರೆ ಬೇಕು, ಬಾಗಿಲು ಕಾಯುವವರು ಬೇಕು. ನನ್ನನ್ನು ನಂಬಬೇಕು ಎನ್ನುವ ಹಟವೂ ನನಗಿದೆ. ಅದೂ ಇರಲಿ.

ರಾಧಾ


ಮಾಲೂರು
28-4-2025

ನನ್ನ ರಾಧಾಗೆ,

ನೀನು ಅಮ್ಮನ ಜೊತೆ ಬೈರಕೂರು ತಲುಪಿ ಎಲ್ಲ ಸರಿಹೋಗಿರಬೇಕು. ಮೂರ್ತಿ ಫೋನ್ ಮಾಡಿದ್ದ. ಕ್ಯಾಮೆರಾ ಕಿತ್ತುಹಾಕಿದ್ದಾನಂತೆ. ಶಿಫ್ಟ್ ಬದಲಾಯಿಸಿಕೊಂಡು ದಿನವೂ ಕಂಪನಿ ಬಸ್ಸಿನಲ್ಲಿ ಬಂದುಹೋಗುತ್ತಾನಂತೆ. ಮಾವನೂ ಬಂದವರಿಗೆಲ್ಲ, ‘ನಮ್ ಹುಡ್ಗಿ ಮೇಲೆ ಸುಮ್ನೆ ಅಪವಾದ ಹೊರಿಸಿದ್ವಿ,’ ಎಂದು ಹೇಳುತ್ತಿದ್ದಾರಂತೆ. ಕೇಳಿ ಎದೆ ಹಗುರವಾಯಿತು.

ಕೋಲಾರದಲ್ಲಿ ಆ ಬಾಗಿಲ ಸಂದಿಯಿಂದ ನೋಡಿದ್ದು ಕಣ್ಣಿಂದ ಹೋಗುವುದಿಲ್ಲ. ಅಮ್ಮ ನಿನ್ನ ತೊಡೆಯ ಮೇಲೆ ತಲೆಯಿಟ್ಟಳು. ಸೆರಗನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ‘ಮೂರ್ತಿನ ಸ್ಕೂಲಿಂದ ಕರ್ಕೊಂಡ್ ಬಂದ್ಯಾ?’ ಎಂದಳು. ನನ್ನ ಪಕ್ಕದಲ್ಲಿ ನಿಂತ ಮೂರ್ತಿ ಬಾಯಿಗೆ ಕರ್ಚೀಫು ತುರುಕಿಕೊಂಡ. ಡಾಕ್ಟರಮ್ಮ ನನ್ನ ಭುಜ ಒತ್ತಿ, ಸಾಕು, ಗೊತ್ತಾಯಿತು ಎಂದರು. ಇನ್ನು ಭಯವಿಲ್ಲ. ಎಲ್ಲರೂ ನೋಡಿದ್ದೇವೆ.

ನಿನ್ನ ಅಕ್ಕ
ಸುಗುಣ


ಬೈರಕೂರು
14-5-2025

ಸುಗುಣಕ್ಕಾ,

ನೀವು ಬಾಗಿಲ ಸಂದಿಯಿಂದ ನೋಡಿದ್ದನ್ನು ಬರೆದಿದ್ದೀರಿ. ಬೆಂಚಿನ ಮೇಲೆ ಕೂತವಳು ಕಂಡದ್ದನ್ನು ನಾನು ಬರೆಯಬೇಕು.

ಸ್ಕೂಲಿನ ಮಾತಾದ ಮೇಲೆ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ್ದು ನಿಮಗೆ ಕೇಳಿಸಿರುವುದಿಲ್ಲ. ‘ನಂಗೇನೂ ಜ್ಞಾಪಕ ಬರ್ತಿಲ್ಲ ಕಣೇ. ತಲೇಲಿ ಏನೂ ಇಲ್ಲ. ಅವ್ರಿಗೆ ಹೇಳ್ಬೇಡ. ನೀನು ಹೇಳಲ್ಲ ಅಲ್ವಾ?’ ಹೇಳುವುದಿಲ್ಲ ಅತ್ತೆ ಎಂದೆ. ಆಗ ಬಾಗಿಲು ತೆರೆಯಿತು. ಇವರು ಅಳುತ್ತಾ ಒಳಗೆ ಬಂದರು, ಹಿಂದೆ ನೀವು, ಮಾವ, ಡಾಕ್ಟರಮ್ಮ. ನೀವೆಲ್ಲ ಅತ್ತೆಯನ್ನು ನೋಡುತ್ತಿದ್ದಿರಿ. ಅತ್ತೆ ನನ್ನನ್ನು ನೋಡುತ್ತಿದ್ದರು. ನನ್ನ ತೊಡೆಯ ಮೇಲಿಂದ ಎದ್ದರು, ಮೆಲ್ಲಗೆ ಒಂದು ಮೊಳ ದೂರ ಸರಿದು ಕೂತರು.

ಅವರು ಆ ಕೋಣೆಯನ್ನು ಮರೆತಿದ್ದಾರೆ, ಡಾಕ್ಟರಮ್ಮನನ್ನು ಮರೆತಿದ್ದಾರೆ. ನನ್ನನ್ನು ನಂಬಬಾರದು ಎನ್ನುವಷ್ಟು ಮಾತ್ರ ಮರೆತಿಲ್ಲ. ಈಗ ನಾನು ಎದುರಿಗೆ ಹೋದರೆ ‘ಬನ್ನಿ, ಕೂತ್ಕೊಳ್ಳಿ. ಊಟ ಆಯ್ತಾ? ನಾನ್ ಚೆನ್ನಾಗಿದೀನಿ,’ ಎನ್ನುತ್ತಾರೆ. ನನಗೆ ಬಹುವಚನ. ನಾನಿರುವಷ್ಟು ಹೊತ್ತೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ, ಮಲಗುವುದಿಲ್ಲ. ಸೀರೆ ಒದ್ದೆಯಾದರೂ ಬಾಯಿಬಿಡದೆ ಹಾಗೇ ಕೂತಿರುತ್ತಾರೆ. ಮೊದಲಾದರೆ ಇವರ ಮುಂದೆ, ನಿಮ್ಮ ಮುಂದೆ ಸ್ವಲ್ಪ ಹೊತ್ತು ನಟಿಸಿ ನನ್ನ ಹತ್ತಿರ ಬಂದು ಸುಸ್ತಾಗಿ ಬೀಳುತ್ತಿದ್ದರು. ಈಗ ಬೀಳಲು ಅವರಿಗೆ ಜಾಗವಿಲ್ಲ. ನೋಡದೆ ಬಿಟ್ಟರೆ ರಸ್ತೆಗೆ ಹೋಗುತ್ತಾರೆ, ನೋಡಿದರೆ ನಿದ್ದೆ ಮಾಡುವುದಿಲ್ಲ.

ಊರಿನವರೆಲ್ಲ ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದಾರೆ. ಕೇಳಿದಾಗಲೆಲ್ಲ ಅಳು ಬರುತ್ತದೆ ಅಕ್ಕಾ.

ಮುಂದಿನ ವಾರ ನೀವು ಬರುತ್ತೀರಲ್ಲ, ಒಂದು ಮಾತು ನಡೆಸಿಕೊಡಿ. ಅವರನ್ನು ನೋಡಬೇಡಿ. ಪಕ್ಕದಲ್ಲಿ ಕೂತು ಬೇರೆ ಕಡೆ ನೋಡಿ, ಏನೂ ಕೇಳಬೇಡಿ. ನಾನೂ ಈಗ ಅದನ್ನೇ ಕಲಿಯುತ್ತಿದ್ದೇನೆ. ಮಧ್ಯಾಹ್ನ ಅವರಿಗೆ ಬೆನ್ನು ಮಾಡಿ ಕೂತು ಹುಣಸೆಹಣ್ಣು ಬಿಡಿಸುತ್ತೇನೆ. ಬಾಗಿಲಿಗೆ ಅಡ್ಡವಾಗಿ ಕೂರುತ್ತೇನೆ, ದಾಟಿ ಹೋದರೆ ಗೊತ್ತಾಗಲಿ ಎಂದು. ಮೊದಲ ದಿನಗಳಲ್ಲಿ ನನ್ನ ಬೆನ್ನ ಹಿಂದೆ ಬಳೆಯ ಸದ್ದೂ ಇರುತ್ತಿರಲಿಲ್ಲ. ನಿನ್ನೆ ಮೆಲ್ಲಗೆ ಸರಿದು ಬಂದದ್ದು ಕೇಳಿಸಿತು. ಆಮೇಲೆ ನನ್ನ ಬೆನ್ನಿಗೆ ಅವರ ತಲೆ ಒರಗಿತು, ಸ್ವಲ್ಪ ಹೊತ್ತಿಗೆ ಉಸಿರು ಭಾರವಾಯಿತು. ನಿದ್ದೆ ಹೋಗಿದ್ದರು ಎಂದು ಕಾಣುತ್ತದೆ. ತಿರುಗಿ ನೋಡಬೇಕೆಂದು ಪ್ರಾಣ ಹೊಡೆದುಕೊಳ್ಳುತ್ತಿತ್ತು. ನೋಡಲಿಲ್ಲ.

ರಾಧಾ